ಮಂಜೊಟ್ಟಿ ಕಾಯಿ ಇಟ್ಟು ಕಂಪ್ಯೂಟರನ್ನು ಸೋಲಿಸಿದ್ದು

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಆಟಿ ತಿಂಗಳ ಮಳೆ ಹಿಡಿದರೆ ಮಧ್ಯಾಹ್ನದ ಮೇಲೆ ಗಿರಾಕಿಗಳು ಅಪರೂಪ. ಸುಮ್ನೆ ಕೂತು ಬೇಜಾರಾಗಿ ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಂಡ ಆಟ ಇದು. ಮೊದಲ ವಾರ 23 ಸಲ ಆಡಿದೆ, 23 ಸಲವೂ ಸೋತೆ. ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೆರೆ ಹಾಕಿ ಲೆಕ್ಕ ಇಟ್ಟಿದ್ದೆ.

ಶಾಲೆಯಲ್ಲಿ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಸೊನ್ನೆ-ಇಂಟು ಆಡುತ್ತಿದ್ದೆವಲ್ಲ, ಅದರದ್ದೇ ದೊಡ್ಡಣ್ಣ ಇದು. ಒಂದು ಮಹಡಿಯಲ್ಲಿ 4 ಸಾಲು, ಸಾಲಿಗೆ 4ರಂತೆ 16 ಮನೆ, ಅಂಥ 4 ಮಹಡಿ, ಒಟ್ಟು 64 ಮನೆ. ಯಾರ 4 ಕಾಯಿ ಮೊದಲು ಒಂದೇ ಗೆರೆಗೆ ಬರುತ್ತದೋ ಅವರು ಗೆದ್ದರು. ಗೆರೆ ಅಡ್ಡ ಇರಬಹುದು, ಉದ್ದ ಇರಬಹುದು, ಮೂಲೆಯಿಂದ ಮೂಲೆಗೆ ಇರಬಹುದು, ಮಹಡಿಯಿಂದ ಮಹಡಿಗೆ ಮೆಟ್ಟಿಲಿನ ಹಾಗೆ ಹತ್ತಬಹುದು. ಹೀಗೆ ಒಟ್ಟು 76 ಗೆರೆ. ಒಂದೇ ಮಹಡಿಯೊಳಗೆ ಮುಗಿಯುವಂಥವು 40. ಉಳಿದ 36 ಮಹಡಿ ದಾಟುತ್ತವೆ. ನಾನು ಸೋತದ್ದು ಹೆಚ್ಚುಕಮ್ಮಿ ಎಲ್ಲಾ ಈ 36ರಲ್ಲೇ. ಪರದೆಯ ಮೇಲೆ ನಾಲ್ಕು ಮಹಡಿಯನ್ನೂ ಓರೆಯಾಗಿ ತೋರಿಸುತ್ತಾರೆ. ಕಣ್ಣು ಮಾತ್ರ ಒಂದೊಂದನ್ನೇ ಬೇರೆ ಬೇರೆ ನೋಡುತ್ತದೆ.

ಒಂದು ದಿನ ಆಟವನ್ನು ಪರದೆಯಿಂದ ಹೊರಗೆ ತಂದೆ. ಒಂದು ಎ4 ಹಾಳೆಯಲ್ಲಿ ನಾಲ್ಕು ಚೌಕ ಪ್ರಿಂಟ್ ತೆಗೆದೆ. ಅಂಗಡಿ ನಮ್ಮದೇ ಅಲ್ವಾ, ಲ್ಯಾಮಿನೇಶನ್ನೂ ಮಾಡಿದೆ. ಅದು ತಪ್ಪಾಯ್ತು. ಅಮ್ಮನ ಚೆನ್ನೆಮಣೆಯ (ಅಳಗುಳಿ ಮಣೆಯ) ಮಂಜೊಟ್ಟಿ ಕಾಯಿ, ಅಂದರೆ ನುಣುಪಾದ ಕೆಂಪು ಬೀಜ, ಇಟ್ಟರೆ ಜಾರಿ ಪಕ್ಕದ ಮನೆಗೆ ಹೋಗುತ್ತಿತ್ತು. ಬರೀ ಕಾಗದವೇ ವಾಸಿ. ಚೆನ್ನೆಮಣೆಗೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಅದರಲ್ಲಿ 32 ಎತ್ತಿಕೊಂಡೆ. ಕಂಪ್ಯೂಟರಿನ ಪಾಲಿಗೆ ಹುಣಸೆ ಬೀಜ. ಅಮ್ಮ ನೋಡಿ, "ಎಂತ ಮಾರಾಯ, ಸೋಲ್ಲಿಕ್ಕೆ ಕರೆಂಟು ಬೇರೆ ಖರ್ಚಾ?" ಅಂದರು.

ಹಾಳೆಗೆ ಬಂದ ಮೇಲೆ ಪ್ರತಿ ಮನೆಗೂ ಮೂರಂಕಿಯ ಹೆಸರಿಟ್ಟೆ. ಮೊದಲ ಅಂಕಿ ಮಹಡಿ, ಎರಡನೆಯದು ಅಡ್ಡಸಾಲು, ಮೂರನೆಯದು ಆ ಸಾಲಿನಲ್ಲಿ ಎಷ್ಟನೇ ಮನೆ ಎಂಬುದು. 231 ಅಂದರೆ ಎರಡನೇ ಮಹಡಿ, ಮೂರನೇ ಸಾಲು, ಮೊದಲ ಮನೆ. ಆಗ ಒಂದು ವಿಷಯ ಹೊಳೆಯಿತು. ನಾಲ್ಕು ಮನೆ ಒಂದೇ ಗೆರೆಯಲ್ಲಿವೆಯಾ ಎಂದು ತಿಳಿಯಲು ಚಿತ್ರವೇ ಬೇಡ. ಮೂರು ಸ್ಥಾನಗಳಲ್ಲಿ ಒಂದೊಂದನ್ನೂ ಬೇರೆಯಾಗಿ ನೋಡಿದರೆ ಅಂಕಿ ಒಂದೇ ಇರಬೇಕು, ಇಲ್ಲವೇ 1-2-3-4 ಎಂದು ಏರಬೇಕು, ಇಲ್ಲವೇ 4-3-2-1 ಎಂದು ಇಳಿಯಬೇಕು. 114, 223, 332, 441 ನೋಡಿ. ಮೊದಲೆರಡು ಅಂಕಿ ಏರುತ್ತವೆ, ಮೂರನೆಯದು ಇಳಿಯುತ್ತದೆ. ಗೆರೆ! ಪರದೆಯಲ್ಲಿ ಇದೇ ಗೆರೆಗೆ ನಾನು ನಾಲ್ಕು ಸಲ ಬಲಿಯಾಗಿದ್ದೆ.

ಇದರ ಜೊತೆಗೇ ಇನ್ನೊಂದು ಗೊತ್ತಾಯಿತು. ಎಲ್ಲಾ ಮನೆಗೂ ಒಂದೇ ಬೆಲೆ ಇಲ್ಲ. ಹೆಸರಿನಲ್ಲಿ ಬರೀ 1 ಮತ್ತು 4 ಇರುವ 8 ಮೂಲೆಮನೆ, ಬರೀ 2 ಮತ್ತು 3 ಇರುವ 8 ನಡುಮನೆ, ಈ 16ರಲ್ಲಿ ಒಂದೊಂದರ ಮೇಲೂ 7 ಗೆರೆ ಹಾಯುತ್ತವೆ. ಮಿಕ್ಕ 48 ಮನೆಗೆ ನಾಲ್ಕೇ ನಾಲ್ಕು. ನಾನು ಅಲ್ಲಿಯವರೆಗೆ ಕಂಡಕಂಡಲ್ಲಿ ಇಡುತ್ತಿದ್ದೆ.

ಇಷ್ಟಾದರೂ ಗೆಲುವು ಬರಲಿಲ್ಲ. ಒಂದು ಗೆರೆಯಲ್ಲಿ ಮೂರು ಮಾಡಿದರೆ ಕಂಪ್ಯೂಟರ್ ಅಡ್ಡ ಬಂದು ನಾಲ್ಕನೆಯದನ್ನು ಮುಚ್ಚುತ್ತದೆ. ಒಂದೇ ಕಾಯಿಯಿಂದ ಎರಡು ಗೆರೆಯಲ್ಲಿ ಮೂರು ಆಗಬೇಕು, ಆಗ ಮುಚ್ಚಲು ಅದಕ್ಕೆ ಕೈ ಸಾಲದು. ಅದಕ್ಕೆ ಮೊದಲು ಬೇರೆಲ್ಲೋ ಮೂರು ಮಾಡಿ, ಅದನ್ನು ಅಲ್ಲಿಗೆ ಓಡಿಸಿ, ಅಷ್ಟರಲ್ಲಿ ನಮ್ಮ ಕಾಯಿ ಬೇಕಾದಲ್ಲಿ ಬಂದಿರಬೇಕು. ಈ ಹುರುಪಿನಲ್ಲಿ ಒಮ್ಮೆ ಮೂರು ಸಲ ಸಾಲಾಗಿ ಓಡಿಸಿದೆ. ಮೂರನೇ ಸಲ ಅದು ಮುಚ್ಚಿದ ಕಾಯಿಯಿಂದ ಅದರದ್ದೇ ಒಂದು ಗೆರೆಯಲ್ಲಿ ಮೂರು ಆಗಿತ್ತು. ನಾನು ನೋಡಲೇ ಇಲ್ಲ. ಮುಂದಿನ ನಡೆಗೆ ಆಟ ಮುಗಿಯಿತು. ಚಹಾ ಕೂಡ ಕುಡಿಯದೆ ಶಟರ್ ಎಳೆದು ಮನೆಗೆ ಹೋದೆ.

ಮೊದಲ ಗೆಲುವು ಮಧ್ಯಮ ಮಟ್ಟದಲ್ಲಿ. ನನ್ನ ಕಾಯಿ 111, 222, 414, 421, 422ರಲ್ಲಿ ಇದ್ದವು. 424ರಲ್ಲಿ ಇಟ್ಟರೆ ಆ ಸಾಲಿನಲ್ಲಿ ಮೂರಾಗುತ್ತದೆ, ಕಂಪ್ಯೂಟರ್ 423ಕ್ಕೆ ಬರಲೇಬೇಕು. ಇಡುವ ಮೊದಲು 423ರ ನಾಲ್ಕು ಗೆರೆಯನ್ನೂ ಬೆರಳಿಟ್ಟು ನೋಡಿದೆ. ಹುಣಸೆ ಬೀಜ ಎಲ್ಲೂ ಎರಡು ಒಟ್ಟಿಗೆ ಇರಲಿಲ್ಲ. ಇಟ್ಟೆ. ಅದು ಬಂತು. ಆಮೇಲೆ 444. ಈಗ 111, 222, 444 ಒಂದು ಕಡೆ ಮೂರು, 414, 424, 444 ಇನ್ನೊಂದು ಕಡೆ ಮೂರು. ಅದು 333 ಮುಚ್ಚಿತು, ನಾನು 434ರಲ್ಲಿ ಇಟ್ಟೆ. ಮಧ್ಯಮ ಮಟ್ಟದಲ್ಲಿ ಅದು ಮುಂದಿನ ಕೆಲವೇ ನಡೆ ನೋಡುತ್ತಿರಬೇಕು. 424 ಇಟ್ಟದ್ದು ಯಾಕೆ ಅಂತ ಅದಕ್ಕೆ ತಿಳಿಯುವಾಗ ತಡವಾಗಿತ್ತು.

ಆಮೇಲೆ ಓದಿ ತಿಳಿದದ್ದು: ಈ ಆಟ 'ಕ್ಯೂಬಿಕ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಓರೆನ್ ಪಟಾಶ್ನಿಕ್ ಎಂಬವರು ಸುಮಾರು 1500 ಗಂಟೆ ಕಂಪ್ಯೂಟರ್ ಓಡಿಸಿ, ಮೊದಲು ಇಡುವವರು ತಪ್ಪಿಲ್ಲದೆ ಆಡಿದರೆ ಗೆದ್ದೇ ಗೆಲ್ಲುತ್ತಾರೆ ಎಂದು ತೋರಿಸಿ 1980ರಲ್ಲಿ ಪ್ರಕಟಿಸಿದ್ದಾರೆ. ನಾನು ಸೆಟ್ಟಿಂಗ್ ತೆರೆದು ನೋಡಿದೆ. 23 ಆಟದಲ್ಲೂ ಮೊದಲ ನಡೆ ಕಂಪ್ಯೂಟರಿನದ್ದೇ. ಅದನ್ನು ಬದಲಿಸಬಹುದು ಎಂಬುದೇ ಗೊತ್ತಿರಲಿಲ್ಲ.

ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಇನ್ನು ಮೊದಲು ನೀನೇ ಇಡು" ಅಂದರು, ದೊಡ್ಡ ವಿಷಯವೇ ಅಲ್ಲ ಎಂಬಂತೆ. ಈಗ ನಾನೇ ಮೊದಲು ಇಡುತ್ತೇನೆ. ಮಧ್ಯಮ ಮಟ್ಟದಲ್ಲಿ ಗೆಲ್ಲುವುದೇ ಜಾಸ್ತಿ. ಕಷ್ಟದ ಮಟ್ಟದಲ್ಲಿ ಮೊದಲು ಇಟ್ಟರೂ ಸೋಲುತ್ತಿದ್ದೇನೆ. ಆಟಿ ಮುಗಿಯುವ ಮೊದಲು ಚೆನ್ನೆಮಣೆ ಆಡಬೇಕು, ಕಾಯಿ ವಾಪಸ್ ಕೊಡು ಎಂದು ಅಮ್ಮ ಎರಡು ಸಲ ಕೇಳಿಯಾಯಿತು. ಸದ್ಯಕ್ಕೆ ಸೋಡಾ ಬಾಟ್ಲಿಯ ಮುಚ್ಚಳ ಒಟ್ಟು ಮಾಡುತ್ತಿದ್ದೇನೆ.