ಆಫೀಸಿನಲ್ಲಿ ಡಿಮೆನ್ಷಿಯಾಗೆ ನಿಧಿ ಸಂಗ್ರಹ: ಎಡವುವುದೆಲ್ಲಿ?

ಡಿಮೆನ್ಷಿಯಾ ಎಂದರೆ ನೆನಪು, ಯೋಚನೆ ಕುಂದುವ ಕಾಯಿಲೆ; ಅದರಲ್ಲಿ ಹೆಚ್ಚು ಕಾಣುವುದು ಆಲ್ಝೈಮರ್ಸ್. ವಿಶ್ವ ಆಲ್ಝೈಮರ್ಸ್ ದಿನ ಸೆಪ್ಟೆಂಬರ್ 21. ಅಂದು ಹಣ ಕೇಳಬೇಡಿ. ತಿಂಗಳ ಕೊನೆಗೆ ಜೇಬು ಬರಿದು, ಗಣೇಶನ ಚಂದಾ ಬೇರೆ. ಆ ದಿನ ಮಾಹಿತಿ ಕೊಡಿ, ಸಂಗ್ರಹವನ್ನು ಸಂಬಳ ಬಿದ್ದ ವಾರಕ್ಕಿಡಿ. ಅದು ಆಯುಧಪೂಜೆಯ ವಾರವಾದರೆ ಇನ್ನೂ ಮುಂದೂಡಿ.

ಹಣ ಸಹೋದ್ಯೋಗಿಯ ಫೋನ್‌ಪೇಗೆ ಹೋಗಕೂಡದು. ರಸೀದಿ ಬರುವುದು ಪಾವತಿಸಿದವರ ಹೆಸರಿಗೆ. ಒಬ್ಬರೇ ಒಟ್ಟು ಮಾಡಿ ಕಳಿಸಿದರೆ ಉಳಿದವರ ತೆರಿಗೆ ವಿನಾಯಿತಿ ಹೋಯಿತು. ಬೆಂಗಳೂರಿನಲ್ಲಿ ಡಿಮೆನ್ಷಿಯಾ ಆರೈಕೆ ಮಾಡುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳಿವೆ. ಯಾವುದೇ ಆಗಲಿ, ಅವರದೇ ಕ್ಯೂಆರ್ ಕೋಡ್ ತರಿಸಿ, ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಪತ್ರ ನೋಡಿ, ಕೊಟ್ಟವರ ಪ್ಯಾನ್ ನೇರ ಸಂಸ್ಥೆಗೇ ತಲುಪಲಿ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯವರಿಗಂತೂ ಎಷ್ಟು ಕೊಟ್ಟರೂ ಇಲ್ಲ. ಮೊದಲೇ ಹೇಳಿಬಿಡಿ.

ಚಿತ್ರಾನ್ನ, ಕೋಸಂಬರಿ ಸ್ಟಾಲು ಚೆನ್ನಾಗಿ ಓಡುತ್ತದೆ. ಆದರೆ ತಿಂಡಿ ಕೊಂಡ ಹಣ ದೇಣಿಗೆಯಲ್ಲ, ರಸೀದಿ ಕೇಳಿದರೆ ಕೊಡಲಾಗದು.

ಕಂಪನಿಯೂ ಅಷ್ಟೇ ಮೊತ್ತ ಸೇರಿಸುವುದಾದರೆ ಎಚ್‌ಆರ್ ಒಪ್ಪಿಗೆ ಮೇಲ್‌ನಲ್ಲಿರಲಿ, ಗರಿಷ್ಠ ಮಿತಿ ಸಮೇತ. ಅದು ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಯ ಖರ್ಚು) ಲೆಕ್ಕಕ್ಕೆ ಬರಬೇಕಾದರೆ ಸಂಸ್ಥೆಗೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು.

ಪೋಸ್ಟರಿನಲ್ಲಿ ‘ಅರಳು ಮರಳು’ ಎಂಬ ಮಾತು ಬೇಡ. ಡಿಮೆನ್ಷಿಯಾ ವಯಸ್ಸಿನ ಸಹಜ ಮರೆವಲ್ಲ, ಮಿದುಳಿನ ಕಾಯಿಲೆ. ರೋಗಿಯ ಫೋಟೋವೂ ಬೇಡ, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರು ಇಲ್ಲದಿರಬಹುದು. ಬದಲಿಗೆ ರೋಗಿಗಳನ್ನು ಹಗಲು ನೋಡಿಕೊಳ್ಳುವ ಡೇ ಕೇರ್‌ನ ಒಂದು ದಿನದ ಖರ್ಚೆಷ್ಟೆಂದು ಸಂಸ್ಥೆಯನ್ನೇ ಕೇಳಿ ಬರೆಯಿರಿ.