ಖಾಲಿ ಹಾಳೆಯಲ್ಲಿ ಐವತ್ತೆಂಟು ಹೆಸರು

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿಯನ್ನು ಹೆಚ್ಚುಕಡಿಮೆ ಮೂರು ತಿಂಗಳ ಕಾಲ ಅವನ ಅಣ್ಣನ ಹೆಸರಿನಿಂದ ಕರೆದಿದ್ದೆ. ಅಣ್ಣನೂ ನನ್ನ ವಿದ್ಯಾರ್ಥಿಯಾಗಿದ್ದವನೇ. ಇಬ್ಬರ ಮುಖದಲ್ಲೂ ಹೋಲಿಕೆಯಿತ್ತು. ತಮ್ಮ ಒಮ್ಮೆಯೂ ನನ್ನನ್ನು ತಿದ್ದಲಿಲ್ಲ, ಕರೆದಾಗಲೆಲ್ಲ ಎದ್ದುನಿಂತು ಉತ್ತರ ಹೇಳಿ ಕುಳಿತುಕೊಳ್ಳುತ್ತಿದ್ದ. ಕೊನೆಗೆ ಪಕ್ಕದ ಸಾಲಿನ ಹುಡುಗಿಯೊಬ್ಬಳು, "ಸರ್, ಅದು ಅವನ ಅಣ್ಣನ ಹೆಸರು" ಎಂದಾಗ ಇಡೀ ತರಗತಿ ನಕ್ಕಿತು, ಅವನೂ ನಕ್ಕ. ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ: ಆ ಮೂರೂ ತಿಂಗಳು ದಿನಾ ಬೆಳಿಗ್ಗೆ ಹಾಜರಿ ಕರೆಯುವಾಗ ಅವನ ಸರಿಯಾದ ಹೆಸರನ್ನು ನಾನೇ ಗಟ್ಟಿಯಾಗಿ ಓದುತ್ತಿದ್ದೆ.

ಕಣ್ಣು ಪುಸ್ತಕದ ಮೇಲಿದ್ದು ಕಿವಿ ಮಾತ್ರ ಉತ್ತರಕ್ಕೆ ಕಾಯುತ್ತಿದ್ದರೆ ನೂರು ಸಲ ಓದಿದ ಹೆಸರೂ ಮುಖಕ್ಕೆ ಅಂಟುವುದಿಲ್ಲ. ಹೆಸರೆಂಬುದು ಸ್ವಭಾವತಃ ಜಾರುವ ವಸ್ತು. 1987ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಪರಿಚಿತ ಮುಖಗಳ ಜೊತೆ 'ಬೇಕರ್' (ಇಂಗ್ಲಿಷಿನಲ್ಲಿ ಬ್ರೆಡ್ ಮಾಡುವವನು ಎಂಬ ವೃತ್ತಿಯೂ ಹೌದು, ಅಡ್ಡಹೆಸರೂ ಹೌದು) ಎಂಬಂಥ ಪದಗಳನ್ನು ಕಲಿಸಿದಾಗ, ಅವನ್ನು ವೃತ್ತಿಯೆಂದು ಕಲಿತಾಗ ನೆನಪಾದಷ್ಟು ಸುಲಭವಾಗಿ ಹೆಸರೆಂದು ಕಲಿತಾಗ ನೆನಪಾಗಲಿಲ್ಲ. ಪದ ಒಂದೇ, ಆದರೆ ವೃತ್ತಿಯ ಹಿಂದೆ ಒಂದು ಚಿತ್ರವಿರುತ್ತದೆ, ಹೆಸರಿನ ಹಿಂದೆ ಏನೂ ಇರುವುದಿಲ್ಲ. ಅದಕ್ಕೂ ಮೊದಲು, 1978ರಲ್ಲಿ, ಲ್ಯಾಂಡಾವರ್ ಮತ್ತು ಬ್ಯೋರ್ಕ್ ಎಂಬ ಮನೋವಿಜ್ಞಾನಿಗಳು ಹೆಸರುಗಳನ್ನೇ ಇಟ್ಟುಕೊಂಡು ಪರೀಕ್ಷಿಸಿ, ಮೊದಲು ಸ್ವಲ್ಪ ಹೊತ್ತಿಗೆ, ಆಮೇಲೆ ಇನ್ನೂ ತಡವಾಗಿ, ಹೀಗೆ ಅಂತರ ಹೆಚ್ಚಿಸುತ್ತ ನೆನಪಿಸಿಕೊಳ್ಳಲು ಯತ್ನಿಸುವುದು ಫಲಕಾರಿ ಎಂದು ತೋರಿಸಿದ್ದರು. ಇದು ತಿಳಿದ ಮೇಲೆಯೇ ನಾನು ಹೆಸರುಗಳನ್ನು ಬರಿದೆ ಓದುವುದನ್ನು ಬಿಟ್ಟು ನೆನಪಿನಿಂದ ಊಹಿಸುವುದಕ್ಕೆ ತೊಡಗಿದ್ದು.

ಅಭ್ಯಾಸದ ಮುಖ್ಯ ಸ್ಥಳ ನೋಟ್‌ಪುಸ್ತಕಗಳ ಕಟ್ಟು. ತಿದ್ದಿದ ಪುಸ್ತಕಗಳನ್ನು ತರಗತಿಯ ಮುಂದಾಳುವಿನ ಕೈಗೆ ಕೊಟ್ಟು ಹಂಚಿಸುತ್ತಿದ್ದವನು ಈಗ ನಾನೇ ಹಂಚುತ್ತೇನೆ. ಲೇಬಲ್ ಕಾಣದಂತೆ ಕಟ್ಟನ್ನು ಕವುಚಿ ಹಿಡಿದು, ಬರೆದ ಅಕ್ಷರ ನೋಡಿ ಇದು ಯಾರದೆಂದು ಊಹಿಸಿ, ಆ ಬೆಂಚಿನವರೆಗೆ ಹೋಗಿ, ಹೆಸರು ಹೇಳಿ, ಆಮೇಲೆ ಪುಸ್ತಕ ತಿರುಗಿಸುತ್ತೇನೆ. ತಪ್ಪಾದರೆ ಎದುರಿಗಿರುವವರು ತಕ್ಷಣ ಹೇಳುತ್ತಾರೆ. ಮೊದಲ ವಾರ ಹತ್ತಕ್ಕೆ ಏಳು ತಪ್ಪು. ಮಕ್ಕಳಿಗೆ ಅದೊಂದು ಆಟ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆಂಬುದು ನಿಜ, ಪಾಠದ ವೇಳೆಯಿಂದಲೇ ಹೋಗುತ್ತದೆಂಬುದೂ ನಿಜ. ಮೊದಲ ದಿನ ಎಲ್ಲರೂ ಸರದಿಯಾಗಿ ಎದ್ದು ಹೆಸರು ಹೇಳುವ ಪದ್ಧತಿಯನ್ನು ಮಾತ್ರ ಕೈಬಿಟ್ಟಿದ್ದೇನೆ. ತನ್ನ ಸರದಿ ಹತ್ತಿರ ಬಂದವರಿಗೆ ಹಿಂದಿನವರ ಮಾತು ಕಿವಿಗೆ ಬೀಳುವುದಿಲ್ಲ, ನನಗಂತೂ ಎಂಟನೆಯವರಾದ ಮೇಲೆ ಏನೂ ಉಳಿಯುವುದಿಲ್ಲ.

ಕೂರುವ ಜಾಗದ ನಕ್ಷೆಯನ್ನೂ ಬರೆದಿಟ್ಟುಕೊಂಡಿದ್ದೆ. ಅದರಲ್ಲಿ ಎರಡು ಪೆಟ್ಟು ತಿಂದೆ. ನಾನು ಕಲಿತದ್ದು ಮಕ್ಕಳನ್ನಲ್ಲ, ಬೆಂಚುಗಳನ್ನು ಎಂಬುದು ಮೈದಾನದಲ್ಲಿ ಗೊತ್ತಾಯಿತು: ಒಳಗೆ ಸಲೀಸಾಗಿ ಬರುತ್ತಿದ್ದ ಹೆಸರು ಆಟದ ಉಡುಪಿನಲ್ಲಿ ಎದುರಾದ ಅದೇ ಮುಖಕ್ಕೆ ಬರಲಿಲ್ಲ. ಅಂದಿನಿಂದ ನಾಲ್ಕನೆಯ ವಾರ ಎಲ್ಲರ ಜಾಗವನ್ನೂ ಬದಲಿಸುತ್ತೇನೆ. ಎರಡನೆಯದನ್ನು ಹೇಳಲು ಈಗಲೂ ಮುಜುಗರವಾಗುತ್ತದೆ. ಗುರುತಿಗಿರಲೆಂದು ನಕ್ಷೆಯ ಚೌಕಗಳಲ್ಲಿ ಒಂದೊಂದು ಪದ ಬರೆದಿದ್ದೆ. ಒಂದರಲ್ಲಿ 'ದಪ್ಪ' ಎಂದಿತ್ತು. ಅನುಮಾನ ಕೇಳಲು ಮೇಜಿನ ಬಳಿ ಬಂದ ಆ ಹುಡುಗಿ ಅದನ್ನು ಓದಿ, ಏನೂ ಕೇಳದೆ ತನ್ನ ಜಾಗಕ್ಕೆ ಹಿಂತಿರುಗಿದಳು. ಮರುದಿನ ಅವಳನ್ನು ಕರೆದು ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಎಂದಳಾದರೂ ವರ್ಷ ಮುಗಿಯುವವರೆಗೆ ಮತ್ತೆ ಮೇಜಿನ ಹತ್ತಿರ ಬರಲಿಲ್ಲ. ಈಗ ಚೌಕದಲ್ಲಿ ಅವರು ಮಾಡುವುದನ್ನಷ್ಟೇ ಬರೆಯುತ್ತೇನೆ: ಎಡಗೈಯಲ್ಲಿ ಬರೆಯುತ್ತಾಳೆ, ಲೆಕ್ಕದ ಕೊನೆಯ ಸಾಲನ್ನು ಬಿಡುತ್ತಾನೆ, ಪೆನ್ಸಿಲನ್ನು ಎರಡೂ ಕಡೆ ಚೂಪು ಮಾಡಿಕೊಂಡು ಬರುತ್ತಾಳೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಖಾಲಿ ಹಾಳೆ. ಶುಕ್ರವಾರ ಮನೆಯಲ್ಲಿ ಏನನ್ನೂ ನೋಡದೆ ತರಗತಿಯ ಹೆಸರುಗಳನ್ನೆಲ್ಲ ಬರೆಯುತ್ತೇನೆ. ಮೊದಲ ಸಲ ಐವತ್ತೆಂಟರಲ್ಲಿ ಮೂವತ್ತೊಂದಕ್ಕೆ ನಿಂತುಹೋಯಿತು. ಚೆನ್ನಾಗಿ ಓದುವವರು, ಗಲಾಟೆ ಮಾಡುವವರು, ದಿನಾ ತಡವಾಗಿ ಬರುವವರು ತಾವಾಗಿಯೇ ಸಾಲುಗಟ್ಟಿ ಬಂದಿದ್ದರು. ಬಾರದ ಇಪ್ಪತ್ತೇಳು ಮಂದಿಯಲ್ಲಿ ಬಹುಪಾಲು ನಡುವಿನ ಸಾಲುಗಳವರು. ಬರವಣಿಗೆ ಅಚ್ಚುಕಟ್ಟು, ಅಂಕ ಸಾಧಾರಣ, ಕೈ ಎತ್ತದವರು. ಅಂದರೆ ಒಂದು ತಿಂಗಳು ನಾನು ಪಾಠ ಮಾಡಿದ್ದು ಅರ್ಧ ತರಗತಿಗೆ. ಮುಂದಿನ ವಾರ ಪ್ರಶ್ನೆ ಕೇಳುವಾಗ ಆ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡೆ.

ಇಷ್ಟಾದರೂ ಮರೆವು ಇದ್ದೇ ಇರುತ್ತದೆ. ದೊಡ್ಡ ತರಗತಿಗೆ ಪಾಠ ಮಾಡುವ ಸಹೋದ್ಯೋಗಿಗಳಿಗೆ ಹೆಸರು ಬರೆದು ಮಡಿಸಿದ ದಪ್ಪ ಕಾಗದವನ್ನು ಪ್ರತಿಯೊಬ್ಬ ವಿದ್ಯಾರ್ಥಿಯ ಮುಂದೆಯೂ ನಿಲ್ಲಿಸಲು ಹೇಳುತ್ತೇನೆ. ಅಮೆರಿಕದ ಒಂದು ದೊಡ್ಡ ಜೀವಶಾಸ್ತ್ರ ತರಗತಿಯಲ್ಲಿ ಹೀಗೆ ಮಾಡಿದಾಗ, 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೇ 78ರಷ್ಟು ವಿದ್ಯಾರ್ಥಿಗಳು ತಮ್ಮ ಹೆಸರು ಅಧ್ಯಾಪಕರಿಗೆ ಗೊತ್ತೆಂದು ಭಾವಿಸಿದ್ದರು. ಅಧ್ಯಾಪಕರಿಗೆ ನಿಜಕ್ಕೂ ಗೊತ್ತಿದ್ದದ್ದು ಶೇ 53ರಷ್ಟು ಹೆಸರು. ಹೆಸರು ಹಿಡಿದು ಕರೆಸಿಕೊಂಡದ್ದೇ ಅವರಿಗೆ ಸಾಕಾಗಿತ್ತೇನೋ. ನನ್ನ ತರಗತಿ ಅಷ್ಟು ದೊಡ್ಡದಲ್ಲವಾದ್ದರಿಂದ ನಾನು ಕಾಗದ ನಿಲ್ಲಿಸುವುದಿಲ್ಲ, ಮರೆತರೆ "ನಿನ್ನ ಹೆಸರು ಮತ್ತೆ ಜಾರಿತು, ಇನ್ನೊಮ್ಮೆ ಹೇಳು" ಎಂದು ಕೇಳಿಬಿಡುತ್ತೇನೆ. ಉಚ್ಚಾರ ಸರಿಯೇ ಎಂದೂ ಆಗಲೇ ಕೇಳುತ್ತೇನೆ, ಏಕೆಂದರೆ ತಾವಾಗಿ ತಿದ್ದುವವರು ಕಡಿಮೆ.

ಈ ವರ್ಷ ಆರನೆಯ ಶುಕ್ರವಾರದ ಹಾಳೆಯಲ್ಲಿ ಎರಡು ಹೆಸರು ಬಾಕಿ ಉಳಿದಿವೆ. ಇಬ್ಬರೂ ಮೂರನೆಯ ಸಾಲಿನವರು. ಸೋಮವಾರ ಪುಸ್ತಕ ಹಂಚುವುದನ್ನು ಅಲ್ಲಿಂದಲೇ ಶುರುಮಾಡುತ್ತೇನೆ.