ಆಸ್ಟರಿಸ್ಕ್‌ನಲ್ಲಿ ಸ್ಕ್ರಿಪ್ಟ್ ನಿಧಾನ ಇದ್ರೂ ಕಾಲ್ ನಿಲ್ದೇ ಇರೋ ಹಾಗೆ ಮಾಡಿದ್ದು

ನಮ್ಮ ಆಸ್ಟರಿಸ್ಕ್‌ನಲ್ಲಿ (ಫೋನ್ ಕಾಲ್‌ಗಳನ್ನ ನಡೆಸೋ ಸರ್ವರ್ ಸಾಫ್ಟ್‌ವೇರ್) ಕಾಲ್ ಬಂದ ಕೂಡ್ಲೆ ಒಂದು ಎಜಿಐ (ಹೊರಗಿನ ಸ್ಕ್ರಿಪ್ಟ್ ಆಸ್ಟರಿಸ್ಕ್ ಜೊತೆ ಮಾತಾಡೋ ದಾರಿ) ಶೆಲ್ ಸ್ಕ್ರಿಪ್ಟ್ ಓಡಿ, ವೆಬ್‌ಗೆ ಡೇಟಾ ಕಳಿಸೋ ಕರ್ಲ್ ಕಮಾಂಡ್‌ನಿಂದ ನಂಬರನ್ನ ಸಿಆರ್‌ಎಂಗೆ (ಗ್ರಾಹಕರ ಮಾಹಿತಿ ಇಡೋ ಸಾಫ್ಟ್‌ವೇರ್) ಕಳಿಸ್ತಿತ್ತು, ಆ ಕಡೆ ಸರ್ವರ್ ಸ್ಲೋ ಆದ್ರೆ ಫೋನ್ ಮಾಡಿದೋರಿಗೆ ಏನೂ ಕೇಳಿಸ್ತಿರ್ಲಿಲ್ಲ, ಯಾಕಂದ್ರೆ ಎಜಿಐ ಮುಗಿಯೋವರೆಗೂ ಡಯಲ್‌ಪ್ಲಾನ್ (ಕಾಲ್ ಬಂದಾಗ ಏನೇನು ಮಾಡ್ಬೇಕು ಅನ್ನೋ ಸಾಲುಗಳ ಪಟ್ಟಿ) ಮುಂದಿನ ಸಾಲಿಗೆ ಹೋಗಲ್ಲ. ಕರ್ಲ್ ಸಾಲಿನ ಕೊನೇಲಿ ಆಂಪರ್ಸೆಂಡ್ (&, ಕಮಾಂಡನ್ನ ಕಾಯದೆ ಹಿಂದೆ ಓಡಿಸೋ ಗುರುತು) ಹಾಕಿದ್ರೆ ಆಯ್ತಲ್ಲ ಅಂತೀರಾ? ಆಗಲ್ಲ, ತಲೆ ತಿನ್ನೋದೇ ಇಲ್ಲಿ. ಹಿಂದೆ ಓಡೋ ಪ್ರೋಸೆಸ್‌ಗೂ ಸ್ಕ್ರಿಪ್ಟಿನ ಸ್ಟ್ಯಾಂಡರ್ಡ್ ಔಟ್‌ಪುಟ್ ಪೈಪು (ಸ್ಕ್ರಿಪ್ಟ್ ಬರೆದಿದ್ದು ಆಸ್ಟರಿಸ್ಕ್‌ಗೆ ಹೋಗೋ ದಾರಿ) ಬಳುವಳಿಯಾಗಿ ಬಂದಿರತ್ತೆ, ಸ್ಕ್ರಿಪ್ಟ್ ಮುಗಿದ್ರೂ ಆ ಪೈಪ್ ಮುಚ್ಚೋವರೆಗೂ ಆಸ್ಟರಿಸ್ಕ್ ಕಾಯ್ತಾನೇ ಕೂತಿರತ್ತೆ. ಹಾಗಾಗಿ ಇನ್‌ಪುಟ್, ಔಟ್‌ಪುಟ್, ಎರರ್ ಮೂರನ್ನೂ ಡೆವ್-ನಲ್‌ಗೆ (/dev/null, ಬರೆದಿದ್ದೆಲ್ಲ ಮಾಯವಾಗೋ ಜಾಗ) ತಿರುಗಿಸಿ, ಕಮಾಂಡ್ ಮುಂದೆ ಸೆಟ್‌ಸಿಡ್ (ಪ್ರೋಸೆಸನ್ನ ಬೇರೆ ಸೆಷನ್‌ನಲ್ಲಿ ಓಡಿಸೋ ಕಮಾಂಡ್) ಸೇರಿಸಿ, ಆಮೇಲೆ ಆಂಪರ್ಸೆಂಡ್ ಹಾಕ್ದೆ, ಕಾಲ್ ತಕ್ಷಣ ಕ್ಯೂಗೆ ಹೋಯ್ತು.

ಎಜಿಐ ಬದ್ಲು ಸಿಸ್ಟಮ್ ಅಪ್ಲಿಕೇಶನ್ (ಡಯಲ್‌ಪ್ಲಾನ್‌ನಿಂದ ನೇರ ಶೆಲ್ ಕಮಾಂಡ್ ಓಡಿಸೋದು) ಬಳಸೋರಿಗೂ ಆಂಪರ್ಸೆಂಡ್ ಬೇಕೇ ಬೇಕು, ಇಲ್ದಿದ್ರೆ ಅದೂ ಕಾಯತ್ತೆ. ಆದ್ರೆ ಹೀಗೆ ಹಿಂದೆ ಬಿಟ್ಟ ಸ್ಕ್ರಿಪ್ಟಿನಿಂದ ಚಾನೆಲ್ ವೇರಿಯಬಲ್ (ಆ ಕಾಲ್‌ಗೆ ಇಟ್ಕೊಳೋ ಮಾಹಿತಿ) ಸೆಟ್ ಮಾಡೋಕಾಗಲ್ಲ, ಸಿಸ್ಟಮ್ ಅಪ್ಲಿಕೇಶನ್ ಫಲಿತಾಂಶ ಹೇಳೋ ಸಿಸ್ಟಮ್‌ಸ್ಟೇಟಸ್ ವೇರಿಯಬಲ್ ಕೂಡ ಕೆಲ್ಸ ಶುರುವಾಯ್ತಾ ಅಂತ ಹೇಳತ್ತೆ ಅಷ್ಟೆ, ಹಂಗಾಗಿ ಎರರ್‌ನ ನಾನೀಗ ಡೆವ್-ನಲ್ ಬಿಟ್ಟು ಒಂದು ಲಾಗ್ ಫೈಲ್‌ಗೆ ಬರೆಸ್ತಿದೀನಿ.